ಪಾರ್ಕಿಂಗ್ ಚೀಟಿ, ಕಂಪ್ಯೂಟರ್ ಕುರ್ಚಿ: ನಗರಸಭೆಯಲ್ಲಿ ದುಡ್ಡು ಹರಿಯುವ ದಾರಿ

ಒಂದು ಕಾರು ನಿಲ್ಲಿಸಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಬೇಕು. ಹನ್ನೆರಡೂವರೆ ಚದರ ಮೀಟರ್ ಎಂದರೆ ಮನೆಯ ಸಾಧಾರಣ ಕೋಣೆಯಷ್ಟು. ಅದೇ ಜಾಗದಲ್ಲಿ ಆರು ಸ್ಕೂಟರ್ ಇಡಬಹುದು. ಗೋಡೆ ಕಟ್ಟಿ ಮಾಡು ಹಾಕಿದರೆ ನಾಲ್ಕು ಕಂಪ್ಯೂಟರ್ ಮೇಜು ಹಿಡಿಸುತ್ತದೆ. ಪೇಟೆಯಲ್ಲಿ ಗಾಡಿ ಇಡುವ ಜಾಗವಾಗಲಿ, ವಾಚನಾಲಯದ ಕಂಪ್ಯೂಟರ್ ಮುಂದಿನ ಕುರ್ಚಿಯಾಗಲಿ, ಎರಡೂ ಒಂದೇ ಬಗೆಯ ಸಾಮಾನು. ಇರುವುದು ಕೆಲವೇ, ಬೇಕಾದವರು ಹಲವರು, ಒಬ್ಬರು ಎದ್ದು ಹೋಗದೆ ಇನ್ನೊಬ್ಬರು ಕೂರುವಂತಿಲ್ಲ.

ಆದರೆ ಕಾಸರಗೋಡಿನಂಥ ನಗರಸಭೆಯಲ್ಲಿ ಇವೆರಡೂ ಬೇರೆಬೇರೆ ಕಡತಗಳಾಗಿ ಬರುತ್ತವೆ. ಪಾರ್ಕಿಂಗ್ ಶುಲ್ಕ ಆದಾಯದ ಕಡತ, ಕಂಪ್ಯೂಟರ್ ಖರ್ಚಿನ ಕಡತ. ಮೊದಲನೆಯದರ ಚರ್ಚೆ ‘ಐದೋ ಹತ್ತೋ’ ಎಂಬಲ್ಲಿ ಸಿಕ್ಕಿಕೊಳ್ಳುತ್ತದೆ, ಎರಡನೆಯದು ‘ನಾಲ್ಕೋ ಎಂಟೋ’ ಎಂಬಲ್ಲಿ. ಎರಡೂ ಕಡೆ ಆ ಸಂಖ್ಯೆಯೇ ಅತಿ ಕಡಿಮೆ ಮಹತ್ವದ್ದು. ರಸ್ತೆ ಯಾರದು, ಚೀಟಿ ಯಾರ ಕೈಯಲ್ಲಿದೆ, ಬಂದ ದುಡ್ಡು ಯಾವ ನಿಧಿಗೆ ಬೀಳುತ್ತದೆ, ಆ ನಿಧಿಯಿಂದ ಏನನ್ನು ಕೊಳ್ಳಬಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಕೌನ್ಸಿಲ್ ಸಭೆಯ ಗದ್ದಲದಲ್ಲಿ ಮುಕ್ಕಾಲು ಪಾಲು ಕಡಿಮೆಯಾದೀತು.

ರಸ್ತೆ ಯಾರದು?

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರಿಂದ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಹದಿನೇಳನೆಯದು ಬೀದಿದೀಪ, ಪಾರ್ಕಿಂಗ್ ಜಾಗ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯಗಳ ಕುರಿತದ್ದು. ಹಾಗಾಗಿ ಪಾರ್ಕಿಂಗ್ ನಗರಸಭೆಯ ಕೆಲಸ ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಊರಿನ ಎಲ್ಲ ರಸ್ತೆಯೂ ನಗರಸಭೆಯದಲ್ಲ.

ಕಾಸರಗೋಡು ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಮೂರು ನಾಲ್ಕು ಮಾಲಕರ ನೆಲ ತುಳಿದಿರುತ್ತೇವೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಅದರ ಸರ್ವಿಸ್ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಒಂಟಿ ಕಂಬಗಳ ಸಾಲಿನ ಮೇಲೆ ಹಾದುಹೋಗುವ ಮೇಲ್ಸೇತುವೆಯ ಅಡಿ ಖಾಲಿ ಕಂಡೊಡನೆ ‘ಅಲ್ಲೇ ಪಾರ್ಕಿಂಗ್ ಮಾಡಿದರಾಯಿತಲ್ಲ’ ಅನ್ನಿಸುವುದು ಸಹಜ. ಆ ನೆಲವೂ ಹೆದ್ದಾರಿಗೆ ಸೇರಿದ್ದು. ಪ್ರಾಧಿಕಾರದ ಲಿಖಿತ ಒಪ್ಪಿಗೆಯಿಲ್ಲದೆ ನಗರಸಭೆ ಅಲ್ಲಿ ಹಗ್ಗ ಕಟ್ಟಿ ಚೀಟಿ ಹರಿಯುವಂತಿಲ್ಲ. ರೈಲು ನಿಲ್ದಾಣದ ಮುಂದಿನ ಪಾರ್ಕಿಂಗ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ಗುತ್ತಿಗೆ. ಅಲ್ಲಿ ದರ ಏರಿದರೆ ನಗರಸಭೆ ಅಧ್ಯಕ್ಷರನ್ನು ಬೈದು ಪ್ರಯೋಜನವಿಲ್ಲ. ಇನ್ನು ಕೆಲವು ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯ ಕೈಯಲ್ಲಿವೆ. ಉಳಿದ ಒಳರಸ್ತೆ, ನಗರಸಭೆಯ ಬಸ್ ನಿಲ್ದಾಣ, ಮಾರುಕಟ್ಟೆಯ ಅಂಗಳ ಮಾತ್ರ ನಗರಸಭೆ ತಾನೇ ನಿರ್ಧಾರ ಮಾಡಬಹುದಾದ ಜಾಗ. ಕೌನ್ಸಿಲ್ ಮುಂದೆ ಬರುವ ಟಿಪ್ಪಣಿಯಲ್ಲಿ ಜಾಗದ ಸರ್ವೇ ನಂಬ್ರ ಮತ್ತು ಒಡೆತನ ಕಾಣದಿದ್ದರೆ ಆ ನಿರ್ಣಯ ಕೋರ್ಟಿನಲ್ಲಿ ಒಂದು ವಾರವೂ ನಿಲ್ಲುವುದು ಕಷ್ಟ.

ಒಡೆತನ ಇದ್ದರೂ ಸಾಲದು. ಮೋಟಾರು ವಾಹನ ಕಾಯ್ದೆ 1988ರ 117ನೇ ವಿಧಿಯಂತೆ ಗಾಡಿ ಎಲ್ಲಿ ನಿಲ್ಲಬಹುದು, ಬಸ್ ಎಲ್ಲಿ ನಿಲ್ಲಬೇಕು ಎಂದು ನಿಗದಿಪಡಿಸುವುದು ರಾಜ್ಯ ಸರಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಅದೂ ಸ್ಥಳೀಯ ಸಂಸ್ಥೆಯ ಜತೆ ಸಮಾಲೋಚಿಸಿ. ಕೇರಳದಲ್ಲಿ ಈ ಸಮಾಲೋಚನೆ ನಡೆಯುವ ಜಾಗ ಟ್ರಾಫಿಕ್ ರೆಗ್ಯುಲೇಟರಿ ಸಮಿತಿ. ನಗರಸಭೆಯ ಅಧ್ಯಕ್ಷರು, ಪೊಲೀಸ್, ಸಾರಿಗೆ ಇಲಾಖೆ, ಲೋಕೋಪಯೋಗಿ ಇಲಾಖೆ ಎಲ್ಲ ಒಂದೇ ಮೇಜಿನಲ್ಲಿ ಕೂರುವುದು ಅಲ್ಲಿ. ಒಂದು ಬದಿಯ ಪಾರ್ಕಿಂಗ್, ರಿಕ್ಷಾ ಸ್ಟ್ಯಾಂಡಿನ ಜಾಗ, ಸರಕು ಇಳಿಸುವ ಹೊತ್ತು ಇವೆಲ್ಲ ಅಲ್ಲಿ ತೀರ್ಮಾನವಾಗಿ ಕೌನ್ಸಿಲಿಗೆ ಬಂದರೆ ಕೆಲಸ ಸಲೀಸು. ಕ್ರಮ ತಿರುಗುಮುರುಗಾದರೆ, ಅಂದರೆ ಮೊದಲು ಶುಲ್ಕದ ನಿರ್ಣಯ ಆಮೇಲೆ ಸಮಿತಿಯ ಸಭೆ ಎಂದಾದರೆ, ಹಣ ತೆತ್ತು ನಿಲ್ಲಿಸಿದ ಗಾಡಿಗೇ ಪೊಲೀಸರು ದಂಡ ಹಾಕುವ ವಿಚಿತ್ರ ಎದುರಾಗುತ್ತದೆ.

ಮತ್ತೊಂದು ಗೊಂದಲ ಖಾಸಗಿ ಕಟ್ಟಡಗಳದ್ದು. ಕಟ್ಟಡ ನಿಯಮದಂತೆ ಪಾರ್ಕಿಂಗ್ ಜಾಗ ಬಿಡಲೇಬೇಕು, ಹಾಗಿರುವಾಗ ಅದಕ್ಕೆ ಶುಲ್ಕ ಕೇಳಬಹುದೇ ಎಂಬ ಪ್ರಶ್ನೆ ಕೊಚ್ಚಿಯ ಮಾಲ್ ಒಂದರ ಪ್ರಕರಣದಲ್ಲಿ ಕೇರಳ ಹೈಕೋರ್ಟಿಗೆ ಹೋಗಿತ್ತು. ನಗರಸಭೆಯ ಪರವಾನಗಿ ಪಡೆದು ಶುಲ್ಕ ವಸೂಲಿ ಮಾಡಬಹುದು ಎಂಬುದು 2025ರಲ್ಲಿ ಬಂದ ತೀರ್ಪಿನ ಸಾರ. ಇಲ್ಲಿ ಹಿಡಿದುಕೊಳ್ಳಬೇಕಾದ ಪದ ‘ಪರವಾನಗಿ’. ಪೇಟೆಯ ಯಾವುದೇ ವಾಣಿಜ್ಯ ಸಂಕೀರ್ಣದ ನೆಲಮಾಳಿಗೆಯಲ್ಲಿ ದುಡ್ಡು ಕೇಳಿದರೆ ಪರವಾನಗಿ ಇದೆಯೇ ಎಂದು ವಿಚಾರಿಸಬಹುದು. ಅದಕ್ಕಿಂತ ಮೊದಲು ಆ ನೆಲಮಾಳಿಗೆ ಗೋದಾಮು ಆಗದೆ ಪಾರ್ಕಿಂಗ್ ಆಗಿಯೇ ಉಳಿದಿದೆಯೇ ಎಂದು ನೋಡುವುದು ಒಳ್ಳೆಯದು. ರಸ್ತೆ ಬದಿಯ ಇಕ್ಕಟ್ಟಿನಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ದರ ಏಕೆ, ಎಷ್ಟು

ಪಾರ್ಕಿಂಗ್ ಶುಲ್ಕದ ಮೊದಲ ಉದ್ದೇಶ ದುಡ್ಡು ಮಾಡುವುದಲ್ಲ, ಜಾಗ ಖಾಲಿ ಮಾಡಿಸುವುದು. ಸಂಚಾರ ತಜ್ಞರು ಬಳಸುವ ಒಂದು ಅಂದಾಜಿದೆ: ನೂರು ಜಾಗದಲ್ಲಿ 85 ತುಂಬಿ 15 ಖಾಲಿ ಇದ್ದರೆ ದರ ಸರಿಯಾಗಿದೆ ಎಂದರ್ಥ. ಇಪ್ಪತ್ತು ಕಾರಿನ ಜಾಗದಲ್ಲಿ ಯಾವಾಗಲೂ ಮೂರು ಖಾಲಿ ಇರಬೇಕು. ಬಂದವರು ಜಾಗಕ್ಕಾಗಿ ಸುತ್ತು ಹೊಡೆಯದೆ ನೇರವಾಗಿ ನಿಲ್ಲಿಸುತ್ತಾರೆ, ರಸ್ತೆಯೂ ಹಗುರಾಗುತ್ತದೆ. ಪೂರ್ತಿ ತುಂಬಿರುತ್ತದೆ ಎಂದರೆ ದರ ಕಡಿಮೆ. ಅರ್ಧ ಖಾಲಿ ಎಂದರೆ ದರ ಜಾಸ್ತಿ, ಇಲ್ಲವೇ ಪಕ್ಕದ ಬೀದಿಯಲ್ಲಿ ಪುಕ್ಕಟೆ ಜಾಗ ಇದೆ. ಇದನ್ನು ತಿಳಿಯಲು ದುಬಾರಿ ಅಧ್ಯಯನ ಬೇಡ. ಒಂದು ವಾರ, ಬೆಳಗ್ಗೆ 10, ಮಧ್ಯಾಹ್ನ 12, ಸಂಜೆ 5 ಗಂಟೆಗೆ ಯಾರಾದರೂ ನಡೆದುಕೊಂಡು ಹೋಗಿ ನಿಂತ ಗಾಡಿಗಳ ನಂಬ್ರದ ಕೊನೆಯ ನಾಲ್ಕು ಅಂಕೆ ಬರೆದುಕೊಂಡರೆ ಸಾಕು. ಮೂರು ಸುತ್ತಿನಲ್ಲೂ ಅದೇ ನಂಬ್ರ ಕಂಡರೆ ಅದು ಗಿರಾಕಿಯ ಗಾಡಿಯಲ್ಲ, ಅಂಗಡಿಯವರದ್ದೋ ಆಫೀಸಿನವರದ್ದೋ.

ಈ ಕೊನೆಯ ಸಂಗತಿಗೆ ವ್ಯಾಪಾರಿಗಳು ಮುಖ ಕಿವುಚಿದರೂ ಹೇಳಲೇಬೇಕು. ‘ಶುಲ್ಕ ಹಾಕಿದರೆ ಗಿರಾಕಿ ಬರುವುದಿಲ್ಲ’ ಎಂಬ ಆಕ್ಷೇಪ ಪ್ರತಿ ಊರಿನಲ್ಲೂ ಏಳುತ್ತದೆ. ಗಿರಾಕಿ ಬಾರದಿರುವುದು ಹೆಚ್ಚಾಗಿ ಜಾಗ ಸಿಗದೆ, ಹತ್ತು ರೂಪಾಯಿಗೆ ಹೆದರಿ ಅಲ್ಲ. ದಿನಕ್ಕೊಂದೇ ದರ ಎಂದು ಮಾಡಿದರೆ ಲಾಭ ಬೆಳಗ್ಗೆ ಇಟ್ಟು ರಾತ್ರಿ ಒಯ್ಯುವವನಿಗೆ. ಮದ್ದು ತರಲು ಹತ್ತು ನಿಮಿಷ ನಿಂತವನೂ ಅಷ್ಟೇ ಕೊಡಬೇಕು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಎಂಬ ಹಾಗೆ. ಆದ್ದರಿಂದ ಮೊದಲ 15 ನಿಮಿಷ ಪುಕ್ಕಟೆ, ಮೊದಲ ಗಂಟೆಗೆ ಕಡಿಮೆ, ಆಮೇಲೆ ಏರುತ್ತ ಹೋಗುವ ದರ ನ್ಯಾಯವಾದದ್ದು. ಗಂಟೆ ಮುಗಿದ ಮೇಲೆ ಹತ್ತು ನಿಮಿಷ ರಿಯಾಯಿತಿ ಎಂದು ನಿರ್ಣಯದಲ್ಲೇ ಬರೆಯಬೇಕು. ಇಲ್ಲದಿದ್ದರೆ ‘ಐದು ನಿಮಿಷ ತಡವಾದದ್ದಕ್ಕೆ ಇನ್ನೊಂದು ಗಂಟೆಯ ದುಡ್ಡೇ’ ಎಂಬ ಜಗಳ ದಿನಕ್ಕೆ ಹತ್ತು ಸಲ.

ಗೆರೆ ಹಾಕುವ ರೀತಿಯೂ ದರದಷ್ಟೇ ಮುಖ್ಯ. ನೂರು ಮೀಟರ್ ಉದ್ದದ ರಸ್ತೆ ಬದಿಯಲ್ಲಿ ಕಾರುಗಳನ್ನು ರಸ್ತೆಗೆ ಸಮನಾಗಿ ನಿಲ್ಲಿಸಿದರೆ, ಒಂದಕ್ಕೆ ಆರು ಮೀಟರಿನಂತೆ 16 ಹಿಡಿಸುತ್ತವೆ. ಓರೆಯಾಗಿ 45 ಡಿಗ್ರಿಯಲ್ಲಿ ನಿಲ್ಲಿಸಿದರೆ 28. ನೇರ ಅಡ್ಡಕ್ಕೆ ನಿಲ್ಲಿಸಿದರೆ 40. ನಲವತ್ತು ಎಂಬ ಸಂಖ್ಯೆ ಕಾಗದದಲ್ಲಿ ಚಂದ. ಆದರೆ ಅಡ್ಡಕ್ಕೆ ನಿಂತ ಕಾರು ಐದು ಮೀಟರ್ ರಸ್ತೆ ತಿನ್ನುತ್ತದೆ, ಹಿಂದೆ ತೆಗೆಯಲು ಮತ್ತೆ ಸುಮಾರು ಆರು ಮೀಟರ್ ಬೇಕು. ಎರಡೂ ದಿಕ್ಕಿಗೆ ಬಸ್ ಓಡುವ ಪೇಟೆಯ ರಸ್ತೆಯಲ್ಲಿ ಇದು ಆಗದ ಮಾತು. ಸ್ಕೂಟರುಗಳಿಗೆ ಬೇರೆಯೇ ಗೆರೆ ಹಾಕದಿದ್ದರೆ ಕಾರಿನ ಒಂದು ಜಾಗದಲ್ಲಿ ಎರಡು ಸ್ಕೂಟರ್ ಹರಡಿಕೊಂಡು ನಿಲ್ಲುತ್ತವೆ. ಬಣ್ಣ ಬಳಿಯುವ ತಿಂಗಳನ್ನೂ ನೋಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಮೇ ಕೊನೆಯಲ್ಲಿ ಬಳಿದ ಗೆರೆ ಸೋಣ ತಿಂಗಳಿಗೆ (ಆಗಸ್ಟ್-ಸೆಪ್ಟೆಂಬರ್) ಕಾಣಿಸುವುದಿಲ್ಲ. ಮಳೆ ಬಿಟ್ಟ ಮೇಲೆ ಬಳಿದರೆ ಒಂದು ಬೇಸಗೆಯಾದರೂ ಬಾಳುತ್ತದೆ.

ಚೀಟಿ ಯಾರ ಕೈಯಲ್ಲಿ?

ವಸೂಲಿಗೆ ಮೂರು ದಾರಿಗಳಿವೆ. ಮೊದಲನೆಯದು ಹಳೆಯ ಕಾಲದ ಏಲಂ. ಏಪ್ರಿಲಿನಿಂದ ಮಾರ್ಚಿನವರೆಗೆ ಇಷ್ಟು ಎಂದು ಬಿಡ್ ಮಾಡಿದವನು ನಗರಸಭೆಗೆ ಇಡಿಗಂಟು ಕಟ್ಟಿ ತಾನು ವಸೂಲಿ ಮಾಡುತ್ತಾನೆ. ನಗರಸಭೆಗೆ ತಲೆಬಿಸಿ ಇಲ್ಲ, ಬಜೆಟಿನಲ್ಲಿ ಬರೆಯಲು ಖಚಿತ ಮೊತ್ತ ಸಿಗುತ್ತದೆ. ತೊಂದರೆ ಇರುವುದು ಗುತ್ತಿಗೆದಾರನ ಲೆಕ್ಕಾಚಾರದಲ್ಲಿ. ಅವನಿಗೆ ಜಾಗ ಖಾಲಿ ಇಡುವುದರಲ್ಲಿ ಆಸಕ್ತಿಯಿಲ್ಲ, ಚೀಟಿಗಳ ಸಂಖ್ಯೆಯಲ್ಲಿ ಮಾತ್ರ. ಹಾಗಾಗಿ ಗೆರೆಯ ಹೊರಗೂ ಗಾಡಿ ನಿಲ್ಲಿಸುತ್ತಾನೆ, ಎರಡು ನಿಮಿಷ ನಿಂತವನನ್ನೂ ಬಿಡುವುದಿಲ್ಲ. ರಸ್ತೆ ಕೆಲಸವೋ ಹರತಾಳವೋ ಆದರೆ ‘ಆದಾಯ ಇಲ್ಲ, ಮೊತ್ತ ಕಡಿಮೆ ಮಾಡಿ’ ಎಂಬ ಅರ್ಜಿ ಕೌನ್ಸಿಲ್ ಮುಂದೆ ಬರುತ್ತದೆ. ಆದಾಯ ಅಂದಾಜಿಗಿಂತ ದುಪ್ಪಟ್ಟಾದ ವರ್ಷ ಅಂಥ ಅರ್ಜಿ ಬಂದದ್ದು ಯಾರೂ ಕಂಡಿರಲಾರರು. ರಿಯಾಯಿತಿ ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಎಂದು ಕರಾರಿನಲ್ಲೇ ಮೊದಲೇ ಬರೆಯದಿದ್ದರೆ ಪ್ರತಿ ಮಳೆಗಾಲಕ್ಕೂ ಈ ಚರ್ಚೆ ತಪ್ಪದು.

ಎರಡನೆಯದು ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಘಟಕಕ್ಕೆ ಪಾಲಿನ ಲೆಕ್ಕದಲ್ಲಿ ಕೊಡುವುದು. ಕೇರಳದ ಹಲವು ಕಡೆ, ರೈಲು ನಿಲ್ದಾಣಗಳಲ್ಲೂ, ಇದು ನಡೆದಿದೆ. ದುಡ್ಡು ಊರಿನ ಹೆಂಗಸರ ಕೈಗೆ ಹೋಗುತ್ತದೆ, ವರ್ತನೆಯ ಬಗ್ಗೆ ದೂರು ಕಡಿಮೆ. ಆದರೆ ಬಿಸಿಲು ಮಳೆಗೆ ನಿಲ್ಲಲು ಒಂದು ಶೆಡ್ಡು, ಹತ್ತಿರ ಶೌಚಾಲಯ, ಪಾಳಿ ಬದಲಾವಣೆಯ ವ್ಯವಸ್ಥೆ ಮಾಡದೆ ಕೊಟ್ಟರೆ ಮೂರೇ ತಿಂಗಳಲ್ಲಿ ಘಟಕ ಕೈಬಿಡುತ್ತದೆ. ಮೂರನೆಯದು ನಗರಸಭೆ ತಾನೇ ದಿನಗೂಲಿಯವರನ್ನಿಟ್ಟು ವಸೂಲಿ ಮಾಡುವುದು. ಇಲ್ಲಿ ಸೋರಿಕೆಯೇ ದೊಡ್ಡ ಶತ್ರು.

ಸೋರಿಕೆ ಎಷ್ಟು ದೊಡ್ಡದು ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. 20 ಕಾರಿನ ಜಾಗ, 60 ದ್ವಿಚಕ್ರದ ಜಾಗ ಇದೆ ಎನ್ನಿ. ಒಂದು ಕಾರಿನ ಜಾಗಕ್ಕೆ ದಿನಕ್ಕೆ ಐದು ಗಾಡಿ ಬಂದು ಹತ್ತು ರೂಪಾಯಿಯಂತೆ ಕೊಟ್ಟರೆ 1,000 ರೂಪಾಯಿ. ಸ್ಕೂಟರಿನ ಒಂದು ಜಾಗಕ್ಕೆ ನಾಲ್ಕು ಗಾಡಿ, ಐದು ರೂಪಾಯಿಯಂತೆ 1,200. ದಿನಕ್ಕೆ 2,200, ತಿಂಗಳಿಗೆ 26 ದಿನ ಹಿಡಿದರೆ 57,200. ಇಬ್ಬರಿಗೆ ದಿನಕ್ಕೆ 600ರಂತೆ ಕೂಲಿ 31,200. ಚೀಟಿ ರೋಲು, ಯಂತ್ರ, ಬಣ್ಣಕ್ಕೆ 3,000. ಉಳಿಯುವುದು 23,000. ಮೂರು ಗಾಡಿಯಲ್ಲಿ ಒಂದಕ್ಕೆ ಚೀಟಿ ಹರಿಯಲಿಲ್ಲ ಎಂದಿಟ್ಟುಕೊಳ್ಳಿ. ಆದಾಯ ಸುಮಾರು 38,000ಕ್ಕೆ ಇಳಿಯುತ್ತದೆ, ಖರ್ಚು ಮಾತ್ರ ಅಷ್ಟೇ. ಕೈಯಲ್ಲಿ ಉಳಿಯುವುದು ನಾಲ್ಕು ಸಾವಿರಕ್ಕೂ ಕಡಿಮೆ. ದರವನ್ನು ಹತ್ತರಿಂದ ಹನ್ನೆರಡು ಮಾಡುವ ಜಗಳಕ್ಕಿಂತ ಮೂರನೇ ಗಾಡಿಯ ಚೀಟಿ ಹುಡುಕುವುದೇ ಲೇಸು.

ಚೀಟಿಯಲ್ಲಿ ಏನಿರಬೇಕು? ನಗರಸಭೆಯ ಹೆಸರು, ಕ್ರಮಸಂಖ್ಯೆ, ಗಾಡಿ ನಂಬ್ರ, ಬಂದ ಹೊತ್ತು, ಜಾಗದ ಹೆಸರು, ದರ, ದೂರು ಹೇಳುವ ಫೋನ್ ನಂಬ್ರ. ಕ್ರಮಸಂಖ್ಯೆ ಇಲ್ಲದ ಚೀಟಿ ಚೀಟಿಯೇ ಅಲ್ಲ. ಕೈಯಂತ್ರದ ಚೀಟಿಗೆ ಬಳಸುವುದು ಶಾಖಕ್ಕೆ ಕಪ್ಪಾಗುವ ಕಾಗದ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಇಟ್ಟರೆ ಅಕ್ಷರ ಕಾಣದಂತಾಗುತ್ತದೆ, ಆಟಿಯ ಮಳೆಯಲ್ಲಿ ಒದ್ದೆಯಾದರೆ ಹರಿದೇ ಹೋಗುತ್ತದೆ. ಹಾಗಾಗಿ ಯಂತ್ರದೊಳಗಿನ ದಾಖಲೆ ದಿನದ ಕೊನೆಗೆ ನಗರಸಭೆಯ ಲೆಕ್ಕಕ್ಕೆ ಹೋಗುವ ಏರ್ಪಾಡು ಇರಲೇಬೇಕು. ಯುಪಿಐ ಮೂಲಕ ಕೊಡುವುದಾದರೆ ಇನ್ನೊಂದು ಎಚ್ಚರಿಕೆ. ಕಂಬಕ್ಕೆ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ಮತ್ತೊಂದನ್ನು ಅಂಟಿಸುವುದು ಅರ್ಧ ನಿಮಿಷದ ಕೆಲಸ. ದುಡ್ಡು ಕಳಿಸುವ ಮೊದಲು ತೆರೆಯಲ್ಲಿ ನಗರಸಭೆಯ ಅಥವಾ ಗುತ್ತಿಗೆ ಸಂಸ್ಥೆಯ ಹೆಸರು ಬಂತೇ ಎಂದು ನೋಡಬೇಕು, ಯಾವುದೋ ವ್ಯಕ್ತಿಯ ಹೆಸರು ಬಂದರೆ ಕಳಿಸಬಾರದು.

ಚೀಟಿ ಹರಿಯುವವನಿಗೆ ದಂಡ ಹಾಕುವ ಅಧಿಕಾರವಿಲ್ಲ. ಚಕ್ರಕ್ಕೆ ಬೀಗ ಹಾಕುವುದು, ಗಾಡಿ ಎಳೆದೊಯ್ಯುವುದು ಅವನ ಕೆಲಸವಲ್ಲ. ನಿಷೇಧಿತ ಜಾಗದಲ್ಲಿ ನಿಂತ ಅಥವಾ ಹತ್ತು ಗಂಟೆಗೂ ಮೀರಿ ವಾರಸುದಾರರಿಲ್ಲದೆ ಬಿದ್ದಿರುವ ಗಾಡಿಯನ್ನು ತೆಗೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ನೇ ವಿಧಿಯಂತೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಸೇರಿದ್ದು.

ಖುರ್ಚಿಯ ಕಡೆಗೆ

ಈಗ ಆ 23,000 ರೂಪಾಯಿ ಎಲ್ಲಿ ಹೋಗುತ್ತದೆ ಎಂದು ನೋಡಬೇಕು. ಕೇರಳದ ನಗರಸಭೆಗೆ ಮುಖ್ಯವಾಗಿ ಎರಡು ಚೀಲಗಳಿವೆ. ಒಂದು ಸರಕಾರದಿಂದ ಬರುವ ಯೋಜನಾ ನಿಧಿ. ಇನ್ನೊಂದು ಕಟ್ಟಡ ತೆರಿಗೆ, ಪರವಾನಗಿ ಶುಲ್ಕ, ಬಾಡಿಗೆ, ಪಾರ್ಕಿಂಗ್ ಹಣ ಎಲ್ಲ ಬೀಳುವ ಸ್ವಂತ ನಿಧಿ. ಯೋಜನಾ ನಿಧಿಯಿಂದ ಕಟ್ಟಡ ಕಟ್ಟಬಹುದು, ಕಂಪ್ಯೂಟರ್ ಕೊಳ್ಳಬಹುದು. ವಾರ್ಡು ಸಭೆ, ಕಾರ್ಯತಂಡ, ವಿಚಾರಗೋಷ್ಠಿ, ಕೌನ್ಸಿಲ್, ಕೊನೆಗೆ ಜಿಲ್ಲಾ ಯೋಜನಾ ಸಮಿತಿ ದಾಟಿ ಬಂದ ಯೋಜನೆಯ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು ಎಂಬ ಅವಸರದಲ್ಲಿ ಹೊಳೆಯುವ ಯಂತ್ರಗಳು ಬಂದು ಬೀಳುತ್ತವೆ. ಆದರೆ ಅದನ್ನು ದಿನಾ ತೆರೆಯುವವರ ಸಂಬಳ, ಇಂಟರ್ನೆಟ್ ಬಿಲ್ಲು, ಟೋನರ್, ರಿಪೇರಿಗೆ ಹೆಚ್ಚಾಗಿ ಸ್ವಂತ ನಿಧಿಯನ್ನೇ ನೆಚ್ಚಬೇಕು. ಉದ್ಘಾಟನೆಯಾದ ಕಂಪ್ಯೂಟರ್ ಕೋಣೆಗೆ ಆರೇ ತಿಂಗಳಲ್ಲಿ ಬೀಗ ಬೀಳುವುದು ಯಂತ್ರ ಕೆಟ್ಟದ್ದರಿಂದಲ್ಲ, ಬೀಗದ ಕೈ ಹಿಡಿಯುವವರಿಗೆ ಸಂಬಳವಿಲ್ಲದ್ದರಿಂದ.

ನಾಲ್ಕು ಕಂಪ್ಯೂಟರಿನ ಕೋಣೆಯ ತಿಂಗಳ ಖರ್ಚನ್ನು ಅದೇ ರೀತಿ ಅಂದಾಜು ಮಾಡೋಣ. ಒಬ್ಬ ಸಹಾಯಕರಿಗೆ 600ರಂತೆ 26 ದಿನಕ್ಕೆ 15,600. ಇಂಟರ್ನೆಟ್ 1,000. ಒಂದೊಂದು ಯಂತ್ರ ನೂರು ವ್ಯಾಟಿನಂತೆ ದಿನಕ್ಕೆ ಏಳು ಗಂಟೆ ಓಡಿದರೆ ತಿಂಗಳಿಗೆ 73 ಯುನಿಟ್, ಯುನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ 730. ಕಾಗದ, ಟೋನರ್ 1,500. ರಿಪೇರಿಗೆಂದು ತೆಗೆದಿಡುವುದು 1,000. ಒಟ್ಟು 20,000ಕ್ಕೆ ಹತ್ತಿರ. ಇಪ್ಪತ್ತು ಕಾರು, ಅರುವತ್ತು ಸ್ಕೂಟರಿನ ಜಾಗದಿಂದ ಸೋರಿಕೆಯಿಲ್ಲದೆ ಬಂದ ಹಣಕ್ಕೆ ಇದು ಸರಿಹೊಂದುತ್ತದೆ. ಸೋರಿದರೆ ಐದರಲ್ಲಿ ಒಂದು ಪಾಲಿಗೂ ಸಾಲದು. ಎರಡು ಕಡತಗಳನ್ನು ಒಂದೇ ದಿನ ಪಕ್ಕಪಕ್ಕ ಇಟ್ಟು ನೋಡಬೇಕು ಎನ್ನುವುದು ಇದಕ್ಕೇ. ಆದರೆ ‘ಪಾರ್ಕಿಂಗ್ ಹಣವನ್ನು ವಾಚನಾಲಯಕ್ಕೆ ಕೊಡುತ್ತೇವೆ’ ಎಂಬ ಭಾಷಣದಿಂದ ಏನೂ ಆಗದು. ಬಜೆಟಿನಲ್ಲಿ ಆ ಖರ್ಚಿಗೆ ಬೇರೆ ಶೀರ್ಷಿಕೆ, ಮೊತ್ತ ಕಾಣಬೇಕು. ಬಜೆಟ್ ತಯಾರಾಗುವುದು ಹಣಕಾಸು ಸ್ಥಾಯಿ ಸಮಿತಿಯಲ್ಲಿ, ಅದರ ಅಧ್ಯಕ್ಷತೆ ನಗರಸಭೆಯ ಉಪಾಧ್ಯಕ್ಷರದ್ದು. ಮಾತಾಡಬೇಕಾದ ಬಾಗಿಲು ಅದು.

‘ವಾಚನಾಲಯಕ್ಕೆ ನಾವು ತೆರಿಗೆ ಕಟ್ಟುತ್ತೇವಲ್ಲ’ ಎಂಬ ಮಾತೂ ಬರುತ್ತದೆ. ನಿಜ. ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1989ರಂತೆ ಕಟ್ಟಡ ತೆರಿಗೆಯ ರೂಪಾಯಿಗೆ ಐದು ಪೈಸೆ ಗ್ರಂಥಾಲಯ ಸೆಸ್. 2,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 100 ರೂಪಾಯಿ. ನಗರಸಭೆ ಅದನ್ನು ವಸೂಲಿ ಮಾಡುತ್ತದೆ ಅಷ್ಟೇ, ಹಣ ಹೋಗುವುದು ಗ್ರಂಥಾಲಯ ಕೌನ್ಸಿಲಿಗೆ. ಊರಿನ ಅಂಗೀಕೃತ ವಾಚನಾಲಯಗಳಿಗೆ ಅನುದಾನ ಬರುವುದೂ ಅಲ್ಲಿಂದ. ಕಂಪ್ಯೂಟರ್ ಬೇಕೆಂದು ಕೇಳುವ ವಾಚನಾಲಯ ನಗರಸಭೆಯದೋ, ಸಂಘದ್ದೋ ಎಂದು ಮೊದಲು ತಿಳಿದುಕೊಂಡರೆ ಅರ್ಜಿ ಸರಿಯಾದ ವಿಳಾಸಕ್ಕೆ ಹೋಗುತ್ತದೆ.

ಅಕ್ಷಯ ಇದೆಯಲ್ಲ, ಮತ್ತೇಕೆ?

ಸಾರ್ವಜನಿಕ ಕಂಪ್ಯೂಟರ್ ಎಂದಾಕ್ಷಣ ಸಭೆಯಲ್ಲಿ ಯಾರಾದರೂ ಏಳುತ್ತಾರೆ: ಅಕ್ಷಯ ಕೇಂದ್ರ ಇದೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅಕ್ಷಯ ಯೋಜನೆ ಶುರುವಾದದ್ದು 2002ರಲ್ಲಿ, ಮಲಪ್ಪುರಂ ಜಿಲ್ಲೆಯಲ್ಲಿ, ಪ್ರತಿ ಮನೆಯಲ್ಲಿ ಒಬ್ಬರಾದರೂ ಕಂಪ್ಯೂಟರ್ ಬಲ್ಲವರಾಗಲಿ ಎಂದು. ಇವತ್ತು ಅದು ಸೇವಾ ಕೇಂದ್ರ. ಕೀಲಿಮಣೆ ಮುಟ್ಟುವುದು ಕೇಂದ್ರದವರು, ನಾವು ಎದುರು ಕುಳಿತು ಕಾಗದ ಕೊಡುತ್ತೇವೆ. ಸರಕಾರ ನಿಗದಿ ಮಾಡಿದ ಸೇವಾ ಶುಲ್ಕದ ಫಲಕ ಅಲ್ಲಿ ತೂಗಬೇಕು, ರಶೀದಿ ಕೇಳಬಹುದು. ಅದು ಬೇಕೇ ಬೇಕು. ಆದರೆ ಎರಡು ತಾಸು ಕುಳಿತು ಬಯೋಡೇಟಾ ಬರೆಯುವ, ಉದ್ಯೋಗ ಹುಡುಕುವ, ಹಳೆ ಪ್ರಶ್ನೆಪತ್ರಿಕೆ ಓದುವ ಜಾಗ ಅದಲ್ಲ. ಸೇವೆ ಬೇರೆ, ಕುರ್ಚಿ ಬೇರೆ.

ಮೊಬೈಲಿನ ಮಿತಿ ಎಲ್ಲಿ ಗೊತ್ತಾಗುತ್ತದೆ ಎಂದರೆ ಅರ್ಜಿಯ ಕೊನೆಯ ಪುಟದಲ್ಲಿ. ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ಒಂದು ಸಲದ ನೋಂದಣಿಗೆ ಫೋಟೋ 30 ಕೆಬಿ ಒಳಗೆ, 150 ಅಗಲ 200 ಎತ್ತರದ ಪಿಕ್ಸೆಲ್, ಕೆಳಗೆ ಹೆಸರು ಮತ್ತು ತಾರೀಕು ಸಹಿತ ಬೇಕು. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವ ಬದಿಯಡ್ಕದ ಹುಡುಗಿಗೆ ಇದನ್ನು ಫೋನಿನಲ್ಲಿ ಮಾಡುವುದು ಪ್ರಯಾಸ, ಕಂಪ್ಯೂಟರಿನಲ್ಲಿ ಐದು ನಿಮಿಷ. ನಗರಸಭೆಯ ಸ್ವಂತ ಸೇವೆಗಳೂ 2024ರ ಜನವರಿ 1ರಿಂದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ಜನನ ಮರಣ ನೋಂದಣಿ, ಕಟ್ಟಡ ಪರವಾನಗಿ, ತೆರಿಗೆ, ದೂರು ಎಲ್ಲ ಅದರಲ್ಲೇ. ಅರ್ಜಿಯನ್ನು ಆನ್‌ಲೈನ್ ಮಾಡಿದ ಮೇಲೆ ಅರ್ಜಿ ಹಾಕುವ ಕುರ್ಚಿಯನ್ನೂ ಒದಗಿಸಬೇಕಾದದ್ದು ನ್ಯಾಯ. ಪಾರ್ಕಿಂಗಿಗೆ ಶುಲ್ಕ ಹಾಕಿ ಕಂಪ್ಯೂಟರನ್ನು ಪುಕ್ಕಟೆ ಇಡುವುದಕ್ಕೆ ಕಾರಣವೂ ಇದೇ: ಗಾಡಿ ಇದ್ದವನಿಗೆ ಬಸ್ಸಿನ ದಾರಿ ಇದೆ, ಆನ್‌ಲೈನ್ ಅರ್ಜಿಗೆ ಬೇರೆ ದಾರಿ ಇಲ್ಲ. ಹಣದ ಬದಲು ಇಲ್ಲಿ ಹೊತ್ತನ್ನು ಹಂಚಬೇಕು. ಒಬ್ಬರಿಗೆ ಒಂದು ಗಂಟೆ, ಹೊರಗೆ ಯಾರೂ ಕಾಯುತ್ತಿಲ್ಲವಾದರೆ ಮತ್ತೊಂದು. ನಾಲ್ಕರಲ್ಲಿ ಒಂದು ಯಂತ್ರ ಹದಿನೈದು ನಿಮಿಷದ ಕೆಲಸಕ್ಕೆ ಮೀಸಲು. ಮುದ್ರಣಕ್ಕೆ ಮಾತ್ರ ಪುಟದ ಲೆಕ್ಕದಲ್ಲಿ ದುಡ್ಡು, ಇಲ್ಲದಿದ್ದರೆ ಕಾಗದ ನಿಲ್ಲುವುದಿಲ್ಲ.

ಯಂತ್ರ ಹೊಂದಿಸುವಾಗ ತಪ್ಪುವುದು ಸಣ್ಣ ಸಂಗತಿಗಳಲ್ಲಿ. ಎಲ್ಲರೂ ಒಂದೇ ಖಾತೆಯಲ್ಲಿ ಕೆಲಸ ಮಾಡಿದರೆ ಒಬ್ಬರ ಆಧಾರ್ ಪ್ರತಿ ಇನ್ನೊಬ್ಬರಿಗೆ ಡೌನ್‌ಲೋಡ್ ಫೋಲ್ಡರಿನಲ್ಲಿ ಸಿಗುತ್ತದೆ. ಎದ್ದ ಕೂಡಲೇ ಎಲ್ಲ ಅಳಿದುಹೋಗುವ ಅತಿಥಿ ಖಾತೆ ಕಡ್ಡಾಯ. ಪಾಸ್‌ವರ್ಡ್ ನೆನಪಿಡುವ ಆಯ್ಕೆಯನ್ನು ಬ್ರೌಸರಿನಲ್ಲಿ ಮುಚ್ಚಿಡಬೇಕು. ಓಟಿಪಿ ಬರುವ ಫೋನ್ ಜತೆಗೆ ತರಬೇಕು ಎಂದು ಬಾಗಿಲಲ್ಲೇ ಬರೆದು ಹಾಕಿದರೆ ಅರ್ಧ ಜನರ ಎರಡನೇ ಓಡಾಟ ತಪ್ಪುತ್ತದೆ. ಮಿಂಚು ಗುಡುಗಿನ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮೋಡೆಮ್ ಸುಟ್ಟುಹೋಗುವುದು ನಮ್ಮಲ್ಲಿ ಮಾಮೂಲು, ಸಂಜೆ ತಂತಿ ಕಳಚುವ ಅಭ್ಯಾಸ ಅದಕ್ಕೆ ಅಗ್ಗದ ಮದ್ದು. ಪೆನ್‌ಡ್ರೈವಿನಿಂದ ವೈರಸ್ ಬರುವ ಭಯಕ್ಕೆ ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಒಳ್ಳೆಯ ಉತ್ತರ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಕೊಡುವುದೂ ಉಬುಂಟು ಆಧಾರಿತ ಲಿನಕ್ಸೇ, ಹಾಗಾಗಿ ಶಾಲೆ ಕಲಿತ ಮಕ್ಕಳಿಗೆ ಅದು ಹೊಸತಲ್ಲ. ಕಣ್ಣು ಕಾಣದವರಿಗಾಗಿ ಒಂದು ಹೆಡ್‌ಫೋನ್ ಮತ್ತು ತೆರೆ ಓದುವ ತಂತ್ರಾಂಶ ಇರಲಿ. ವಿಂಡೋಸಿಗೆ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ, ಅದರ ಜತೆ ಬರುವ ಈಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ.

ದಾಖಲೆ ಇಡುವ ವಿಷಯದಲ್ಲಿ ನಗರಸಭೆಗಳು ಹಿಂಜರಿಯುವುದುಂಟು. ವ್ಯಾಪಾರವಾಗಿ ಇಂಟರ್ನೆಟ್ ಕೊಡುವ ಸೈಬರ್ ಕೆಫೆಗಳಿಗೆ 2011ರ ಕೇಂದ್ರ ನಿಯಮಗಳಿವೆ: ಗುರುತುಚೀಟಿ ನೋಡಬೇಕು, ಬಂದವರ ದಾಖಲೆ ಕನಿಷ್ಠ ಒಂದು ವರ್ಷ ಇಡಬೇಕು, ಮರೆಯ ಎತ್ತರ ನಾಲ್ಕೂವರೆ ಅಡಿ ಮೀರಬಾರದು. ಪುಕ್ಕಟೆ ಕೊಡುವ ವಾಚನಾಲಯ ವ್ಯಾಪಾರವಲ್ಲ. ಹಾಗಿದ್ದರೂ ಹೆಸರು, ಹೊತ್ತು, ಯಂತ್ರದ ಸಂಖ್ಯೆ ಬರೆಯುವ ಒಂದು ಪುಸ್ತಕ ಇಡುವುದು ಕ್ಷೇಮ. ಆ ಪುಸ್ತಕ ತೆರೆದ ಮೇಜಿನ ಮೇಲೆ ಎಲ್ಲರೂ ಓದುವಂತೆ ಬಿದ್ದಿರಬಾರದು.

ಕನ್ನಡದ ತೊಡಕು

ಗಡಿನಾಡಿನ ಕಂಪ್ಯೂಟರಿನಲ್ಲಿ ಕನ್ನಡ ಇರುತ್ತದೆ ಎಂದು ಭಾವಿಸುವಂತಿಲ್ಲ, ಕೇಳಿ ಹಾಕಿಸಬೇಕು. ಇದಕ್ಕೆ ಖರ್ಚಿಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಳಗೇ ಇದೆ, ಕಗಪ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದ ಅಭ್ಯಾಸವಿದ್ದವರಿಗೆ ಲಿನಕ್ಸಿನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಅದೂ ಸಿಗುತ್ತದೆ. ನಿಜವಾದ ಕಾಟ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆ ಅಕ್ಷರಗಳಲ್ಲಿ ಉಳಿಸಿಟ್ಟ ಕಡತಗಳದ್ದು. ಸಂಘ ಸಂಸ್ಥೆಗಳ ಹಳೆ ಮನವಿಗಳನ್ನು ಅಲ್ಲಿಂದ ನಕಲಿಸಿ ಅಂಟಿಸಿದರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕ ಒಂದನ್ನು ಯಂತ್ರದಲ್ಲೇ ಹಾಕಿಟ್ಟರೆ ಸಹಾಯಕರ ಅರ್ಧ ತಲೆಬಿಸಿ ಕಡಿಮೆಯಾಗುತ್ತದೆ.

ಕೌನ್ಸಿಲಿಗೆ ಮನವಿ ಕನ್ನಡದಲ್ಲೇ ಕೊಡಬಹುದು. ಯಾವುದೇ ವ್ಯಕ್ತಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜತೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಕಾಸರಗೋಡು ತಾಲೂಕು ಅಂಥ ಪ್ರದೇಶ. ಪಾರ್ಕಿಂಗ್ ದರದ ಫಲಕ ಮಲಯಾಳ, ಕನ್ನಡ ಎರಡರಲ್ಲೂ ಇರಬೇಕೆಂಬ ಬೇಡಿಕೆಯನ್ನೂ ಇದೇ ಬಲದಲ್ಲಿ ಇಡಬಹುದು. ಮಂಗಳೂರು ಕಡೆಯಿಂದ ಬರುವ ಗಾಡಿಗಳವರಿಗೂ ಅದು ಅನುಕೂಲ, ಜಗಳವೂ ಕಡಿಮೆ.

ಮಾತು ಎಲ್ಲಿ ಎತ್ತಬೇಕು? 2011ರ ಜನಗಣತಿಯಲ್ಲಿ ಕಾಸರಗೋಡು ನಗರಸಭೆಯ ಜನಸಂಖ್ಯೆ 54,172. ಒಂದು ಲಕ್ಷ ಮೀರದ ನಗರಸಭೆಯಾದ್ದರಿಂದ ಪ್ರತಿ ವಾರ್ಡಿಗೂ ವಾರ್ಡು ಸಭೆ ಇದೆ, ಮತದಾರರೆಲ್ಲ ಅದರ ಸದಸ್ಯರು. ಕಂಪ್ಯೂಟರ್ ಕೋಣೆ ಯೋಜನೆಯಾಗಿ ಹುಟ್ಟಬೇಕಾದದ್ದು ಅಲ್ಲಿ. ಪಾರ್ಕಿಂಗ್ ಬೈಲಾ ಕರಡು ಪ್ರಕಟವಾದಾಗ ಆಕ್ಷೇಪ ಸಲ್ಲಿಸಲು ಅವಧಿ ಕೊಡುತ್ತಾರೆ, ಆಕ್ಷೇಪ ಬರಹದಲ್ಲೇ ಇರಬೇಕು. ನಿರ್ಣಯ ಕಾನೂನಿಗೆ ವಿರುದ್ಧ ಎನಿಸಿದರೆ ಅದನ್ನು ತಡೆಹಿಡಿಯುವ, ರದ್ದು ಮಾಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಕುಂಬಳೆ, ಉಪ್ಪಳ, ಬದಿಯಡ್ಕಗಳು ನಗರಸಭೆಯಲ್ಲ, ಗ್ರಾಮ ಪಂಚಾಯತ್ ಆಡಳಿತದ ಪೇಟೆಗಳು. ಅಲ್ಲಿ ಕಾಯ್ದೆ ಪಂಚಾಯತ್ ರಾಜ್ 1994, ಸಭೆ ಗ್ರಾಮಸಭೆ. ರಸ್ತೆಯ ಒಡೆತನದ ಪ್ರಶ್ನೆ ಮಾತ್ರ ಅಲ್ಲೂ ಇದೇ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕೇಳುವಾಗ ‘ಪಾರ್ಕಿಂಗಿನಿಂದ ಎಷ್ಟು ಆದಾಯ’ ಎಂದು ಕೇಳಿದರೆ ಒಂದು ಸಾಲಿನ ಮೊತ್ತ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಳೆದ ಮೂರು ತಿಂಗಳ ದಿನವಾರು ವಸೂಲಿ ಪುಸ್ತಕದ ಪ್ರತಿ, ಕೊಟ್ಟ ಚೀಟಿ ಪುಸ್ತಕಗಳ ಮೊದಲ ಮತ್ತು ಕೊನೆಯ ಕ್ರಮಸಂಖ್ಯೆ, ಹಿಂತಿರುಗಿ ಬಂದ ಚೀಟಿಗಳ ಲೆಕ್ಕ, ಗುತ್ತಿಗೆಯ ಕರಾರು, ಪಾರ್ಕಿಂಗ್ ಜಾಗದ ಗಡಿ ತೋರಿಸುವ ನಕ್ಷೆ ಎಂದು ಬಿಡಿಬಿಡಿಯಾಗಿ ಬರೆಯಬೇಕು. ಕಂಪ್ಯೂಟರ್ ಕೋಣೆಗಾದರೆ ಖರೀದಿ ಬಿಲ್ಲಿಗಿಂತ ಹಾಜರಿ ಪುಸ್ತಕ ಕೇಳುವುದು ಮೇಲು. ಸೋಮವಾರದಿಂದ ಶನಿವಾರದವರೆಗೆ ಎಷ್ಟು ಹೊತ್ತಿಗೆ ಬಾಗಿಲು ತೆರೆಯಿತು, ಯಾರು ತೆರೆದರು ಎಂಬುದು ಅದರಲ್ಲಿರುತ್ತದೆ.